ದುಡ್ಡು ಕೊಟ್ಟು ಸೊಸೆಯಾದದ್ದು

ಕುರುಗೋಡಿನ ಬಂಡೆಗುಡ್ಡಗಳ ಹಿಂದೆ ಹೊಸದಾಗಿ ಎದ್ದಿರುವ ಆ ಹೋಟೆಲ್ಲಿಗೆ ನಾವು ಹೋಗಿ ಬಂದದ್ದು ನಮ್ಮ ಕಡೆಯವರಿಗೆಲ್ಲ ಗೊತ್ತು. ಗೊತ್ತಾಗದೆ ಏನು, ಹೋಗುವ ಮುಂಚೆಯೇ ನಮ್ಮ ಯಜಮಾನರು ಹಾಲಿನವನಿಂದ ಹಿಡಿದು ಔಷಧಿ ಅಂಗಡಿಯವನವರೆಗೆ ಎಲ್ಲರಿಗೂ ಹೇಳಿಬಿಟ್ಟಿದ್ದರು. ಹಾಗಾಗಿ ಈಗಲೂ ಮದುವೆ ಮನೆಯಲ್ಲಿಯೋ ಆಸ್ಪತ್ರೆಯ ಬೆಂಚಿನ ಮೇಲೆಯೋ ಸಿಕ್ಕವರು ಕೇಳುತ್ತಾರೆ, "ಅಕ್ಕಾರ, ಅಷ್ಟು ರೊಕ್ಕ ಕೊಟ್ಟು ಹೋಗಬಹುದೇನ್ರಿ ಅಲ್ಲಿಗೆ?" ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ನಿಮ್ಮ ರೊಕ್ಕ ಹೆಚ್ಚಾಗಿದ್ರ ಹೋಗ್ರಿ" ಎಂದುಬಿಡುತ್ತೇನೆ. ಆಮೇಲೆ ಪಾಪ ಅನಿಸುತ್ತದೆ. ಕೇಳಿದವರದೇನು ತಪ್ಪು? ಉತ್ತರ ಒಂದು ಮಾತಿನಲ್ಲಿ ಮುಗಿಯುವುದಿಲ್ಲ, ಅಷ್ಟೇ.

ಮೊದಲು ರೇಟಿನ ಮಾತು ಮುಗಿಸಿಬಿಡುತ್ತೇನೆ. ಎರಡು ಹಗಲು, ನಡುವೆ ಒಂದು ರಾತ್ರಿ. ಅದಕ್ಕೆ ಅವರು ತೆಗೆದುಕೊಂಡ ದುಡ್ಡಿಗೆ ಬಳ್ಳಾರಿಯಲ್ಲಿ ಮೇಜು, ಮೋಟಾರು ಸಮೇತ, ಬಟ್ಟೆಯ ಅಂಚು ಹೊಲಿಯುವ ಒಂದು ಓವರ್‌ಲಾಕ್ ಮಿಷನ್ ಮನೆ ಬಾಗಿಲಿಗೆ ಬರುತ್ತದೆ. ನಾನು ಯಾವುದನ್ನೇ ಆದರೂ ಮಿಷನ್ನಿನಲ್ಲೇ ಅಳೆಯುವವಳು. ಬಳ್ಳಾರಿಯ ನಮ್ಮ ಮನೆಯ ಮಹಡಿಯ ಮೇಲೆ ಆಗ ನಾಲ್ಕು ಹೊಲಿಗೆ ಮಿಷನ್ನುಗಳಿದ್ದವು. ಜೀನ್ಸ್ ಪ್ಯಾಂಟಿನ ಹಿಂದಿನ ಜೇಬು ಹೊಲಿದು ಕೊಡುವುದು ನಮ್ಮ ಕೆಲಸ. ಪ್ಯಾಂಟಿನ ಉಳಿದ ಭಾಗವನ್ನು ಯಾರು ಹೊಲಿಯುತ್ತಾರೋ, ಯಾವ ಊರಿನವರು ತೊಡುತ್ತಾರೋ ಗೊತ್ತಿಲ್ಲ, ಜೇಬು ಮಾತ್ರ ನಮ್ಮದು. ಕೌಲ್ ಬಜಾರಿನಿಂದ ಮೂವರು ಹೆಂಗಸರು ಕೆಲಸಕ್ಕೆ ಬರುತ್ತಿದ್ದರು. ಒಬ್ಬಳದು ಉರ್ದು, ಒಬ್ಬಳದು ತೆಲುಗು, ಇನ್ನೊಬ್ಬಳು ಎರಡನ್ನೂ ಕನ್ನಡಕ್ಕೆ ಕಲಸಿ ಮಾತಾಡುವವಳು. ಕಿಟಕಿಯಿಂದ ಕೋಟೆ ಗುಡ್ಡ ಕಾಣುತ್ತಿತ್ತು. ಆ ಕೋಣೆಯಲ್ಲಿ ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಿಷನ್ನಿನ ಸದ್ದಿಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದೆ, ನಗುತ್ತಿದ್ದೆ, ಬೈಯುತ್ತಿದ್ದೆ. ಹುಟ್ಟಿದಾಗಿನಿಂದ ನಾನು ಬೇರೆ ಎಲ್ಲಿಯೂ ಹಾಗೆ ಮಾತಾಡಿದವಳಲ್ಲ.

ಆ ಕೋಣೆಯೇ ಹೋಗುವುದರಲ್ಲಿತ್ತು. ನಮ್ಮವರ ನಿವೃತ್ತಿ ಹತ್ತಿರ ಬಂದಿತ್ತು. ನಿವೃತ್ತಿಯಾದ ಮೇಲೆ ಸಿರುಗುಪ್ಪದ ಮನೆಗೆ ಹೋಗಿ ಇರಬೇಕು ಎಂಬುದು ಅವರ ಆಸೆ. ಸಿರುಗುಪ್ಪದ್ದು ದೊಡ್ಡ ಮನೆ, ಊರವರು ವಾಡೆ ಎಂದೇ ಕರೆಯುತ್ತಾರೆ. ಅಲ್ಲಿ ಅತ್ತೆ ಇದ್ದಾರೆ, ಗದ್ದೆ ನೋಡಿಕೊಳ್ಳುವ ಭಾವ ಇದ್ದಾರೆ, ಅವರ ಹೆಂಡತಿ, ಅಂದರೆ ನನ್ನ ನೆಗೆಣ್ಣಿ ಇದ್ದಾಳೆ. ಮಕ್ಕಳು, ಮೊಮ್ಮಕ್ಕಳು, ಬಂದು ಹೋಗುವವರು, ಮನೆ ಯಾವಾಗಲೂ ತುಂಬಿ ತುಳುಕುತ್ತದೆ. ಮದುವೆಯಾದ ಮೇಲೆ ಮಗಳು ಹೈಸ್ಕೂಲಿಗೆ ಬರುವವರೆಗೂ ನಾನು ಆ ಮನೆಯಲ್ಲೇ ಇದ್ದೆ. ಯಾರೂ ಹೊಡೆಯಲಿಲ್ಲ, ಯಾರೂ ಉಪವಾಸ ಕೆಡವಲಿಲ್ಲ. ಕೇಳಿದವರಿಗೆ ಹೇಳಲು ಒಂದು ದೂರೂ ಇಲ್ಲ. ಆದರೆ ತಲೆಯ ಮೇಲೆ ಸೆರಗು, ಕೈಯಲ್ಲಿ ಹಿಟ್ಟು, ಬಾಯಿಗೆ ಬೀಗ. ಭಾವ ಮನೆಯೊಳಗೆ ಬರುವ ಮುಂಚೆ ಹೊಸ್ತಿಲಾಚೆ ನಿಂತು ಒಂದು ಸಲ ಕೆಮ್ಮುತ್ತಾರೆ. ಕೆಮ್ಮು ಕೇಳಿದ ಕೂಡಲೇ ಸೊಸೆಯಂದಿರು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಎದ್ದು ಬಾಗಿಲ ಮರೆಗೆ ಹೋಗಬೇಕು. ಹೇಳಿಕೊಟ್ಟವರು ಯಾರೂ ಇಲ್ಲ. ನೆಗೆಣ್ಣಿ ಏಳುತ್ತಿದ್ದಳು, ನಾನೂ ಏಳುತ್ತಿದ್ದೆ.

ನಮ್ಮವರು ಬಲವಂತ ಮಾಡುವ ಮನುಷ್ಯರಲ್ಲ. ಅದೇ ಕಷ್ಟ. ಬಲವಂತ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು. "ನೀ ಹೂಂ ಅಂದ್ರ ಹೋಗೋಣು, ಇಲ್ಲಾಂದ್ರ ಇಲ್ಲ" ಎನ್ನುತ್ತಿದ್ದರು. ನಾನು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಸುಮ್ಮನಿದ್ದೆ. ನನ್ನ ಸುಮ್ಮನಿರುವಿಕೆಯನ್ನು ಎಲ್ಲರೂ ಹೂಂ ಎಂದೇ ತಿಳಿದರು. ಸಿರುಗುಪ್ಪದಲ್ಲಿ ನಮ್ಮ ಕೋಣೆಗೆ ಸುಣ್ಣ ಹಚ್ಚಿಸಿದ ಸುದ್ದಿ ಬಂತು. ಮಿಷನ್ನುಗಳನ್ನು ನೋಡಿಕೊಂಡು ಹೋಗಲು ಗಿರಾಕಿಯೊಬ್ಬ ಬಂದು, ನನ್ನ ಕುರ್ಚಿಯಲ್ಲೇ ಕೂತು, ಪೆಡಲ್ಲು ತುಳಿದು ನೋಡಿದ. ಆಗಲೂ ನಾನು ಬೇಡ ಎನ್ನಲಿಲ್ಲ.

ಆಗಲೇ ನಮ್ಮವರಿಗೆ ಈ ಹೋಟೆಲ್ಲಿನ ವಿಚಾರ ತಲೆಗೆ ಹೊಕ್ಕಿತು. ಹಳೆಯ ಕಾಲದ ಗೌಡರ ವಾಡೆಯಂತೆ ಕಟ್ಟಿದ್ದಾರಂತೆ, ಅಲ್ಲಿಗೆ ಹೋದವರು ಅತಿಥಿಗಳಲ್ಲವಂತೆ, ಮನೆಯ ಮಂದಿಯಂತೆ ಇರಬೇಕಂತೆ. ಗೌಡ, ಗೌಡಸಾನಿಯಾಗಿ ನಾಟಕದವರು ಇರುತ್ತಾರಂತೆ. ಬಂದವರಿಗೂ ಒಂದೊಂದು ಪಾತ್ರ ಕೊಡುತ್ತಾರಂತೆ.

"ಎರಡು ದಿನ ಇದ್ದು ನೋಡು," ಎಂದರು. "ನಿನಗ ಮನಸಿಗಿ ಬಂತು ಅಂದ್ರ ಅಲ್ಲಿಂದ ಹಂಗ ಸಿರುಗುಪ್ಪಿಗಿ ಹೋಗಿ ಅವ್ವಗ ಹೇಳಿ ಬರೋಣು. ಬರ್ಲಿಲ್ಲ ಅಂದ್ರೂ ಹೇಳಿ ಬರೋಣು."

"ವಾಡೆ ನೋಡಾಕ ವಾಡೇದವರು ರೊಕ್ಕ ಕೊಡಬೇಕೇನ್ರಿ?" ಎಂದೆ.

"ಅದು ಬ್ಯಾರೆ, ಇದು ಬ್ಯಾರೆ. ಅಲ್ಲಿ ಎ.ಸಿ. ಐತಿ."

ಹೋದೆವು. ಗುಡ್ಡದ ತಿರುವಿನಲ್ಲಿ ಕಾರು ನಿಂತಾಗ ನಿಜ ಹೇಳಬೇಕೆಂದರೆ ನನಗೂ ಬಾಯಿ ಬಿಟ್ಟು ನೋಡುವಂತಾಯಿತು. ಎಲ್ಲೆಲ್ಲಿಯೋ ಕೆಡವಿದ ಹಳೆಯ ಮನೆಗಳ ಕಂಬ, ತೊಲೆ, ಬಾಗಿಲುಗಳನ್ನು ಕೊಂಡು ತಂದು ಜೋಡಿಸಿದ್ದರು. ಆನೆ ಹೋಗುವಷ್ಟು ದೊಡ್ಡ ಬಾಗಿಲು, ಅದರಲ್ಲಿ ಬಗ್ಗಿ ದಾಟುವಂಥ ಸಣ್ಣ ದಿಡ್ಡಿ ಬಾಗಿಲು. ದಿಡ್ಡಿ ಬಾಗಿಲಿಗೆ ಬೀಗ ಇರಲಿಲ್ಲ, ಯಾವಾಗ ಬೇಕಾದರೂ ಹೊರಗೆ ಹೋಗಬಹುದು ಎಂದು ಅಲ್ಲಿನ ಮ್ಯಾನೇಜರ್ ಹುಡುಗಿ ಹೇಳಿದಳು. ನಮ್ಮ ಮೊಬೈಲುಗಳನ್ನು ಚೀಲಕ್ಕೆ ಹಾಕಿ ತೆಗೆದುಕೊಂಡಳು. ನಮ್ಮವರಿಗೆ ಪಂಚೆ, ರುಮಾಲು. ನನಗೆ ಒಂದು ಇಳಕಲ್ ಸೀರೆ.

ಆ ಹುಡುಗಿ ಬೆಂಗಳೂರಿನ ಕಡೆಯವಳು. ಅವಳೇ ನನ್ನ ತಲೆಯ ಮೇಲೆ ಸೆರಗು ಹೊದಿಸಿ ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. "ಮೇಡಂ, ನಿಮಗೆ ಕಿರಿ ಸೊಸೆ ಪಾತ್ರ. ಎಷ್ಟು ಚೆನ್ನಾಗಿ ಒಪ್ಪುತ್ತೆ! ಒಂದೇ ರೂಲ್ ಇರೋದು. ತಲೆ ಮೇಲೆ ಸೆರಗು ಇರೋವರೆಗೆ ನೀವು ಈ ಮನೆ ಸೊಸೆ. ಸಾಕು ಅನ್ಸಿದ ತಕ್ಷಣ ಸೆರಗನ್ನ ಭುಜಕ್ಕೆ ಇಳಿಸಿಬಿಡಿ. ಗಂಡಸರಾದ್ರೆ ರುಮಾಲು ತೆಗೀಬೇಕು. ಅಷ್ಟೇ, ಆಟ ಮುಗೀತು. ಕೂಡಲೇ ನಮ್ಮವರು ಬಂದು ಹಿಂದಿನ ರೂಮಿಗೆ ಕರ್ಕೊಂಡು ಹೋಗ್ತಾರೆ. ಕಾಫಿ, ಟಿ.ವಿ., ಸೋಫಾ ಎಲ್ಲಾ ಇದೆ. ಬಾಯಿಬಿಟ್ಟು ಕೇಳೋದೇ ಬೇಡ."

ಎಷ್ಟು ಸುಲಭ ಅನಿಸಿತು. ಒಳಗೆ ಹೋದೆ.

ಗಂಡಸರು ಪಡಸಾಲೆಯಲ್ಲಿ ಉಳಿದರು. ಅಲ್ಲಿ ಗೌಡನ ವೇಷದವರು ಲೋಡಿಗೆ ಒರಗಿ, ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಹೆಂಗಸರಿಗೆ ಒಳಗಿನ ಅಡುಗೆಮನೆ. ಒಲೆಯಲ್ಲಿ ಸೌದೆಯನ್ನೇ ಉರಿಸುತ್ತಿದ್ದರು, ಹೊಗೆಯೂ ನಿಜದ್ದೇ. ಒಲೆಯ ಪಕ್ಕ ಗೌಡಸಾನಿ ನಿಂತಿದ್ದಳು. ದೊಡ್ಡ ಕುಂಕುಮ, ನರೆಗೂದಲು, ಸೊಂಟದಲ್ಲಿ ಬೀಗದ ಕೈ ಗೊಂಚಲು. ನಾನು ಹೊಸ್ತಿಲು ದಾಟುತ್ತಿದ್ದಂತೆ ಗದರಿದಳು, "ಏನ ಕಿರಿಸೊಸಿ, ಹೊತ್ತೇರಿ ಬಂತು, ಈಗ ಬಂದ್ಯಾ? ರೊಟ್ಟಿ ಯಾರು ಬಡೀಬೇಕು, ನಿಮ್ಮ ಅಪ್ಪನ ಮನಿಯವರೇನು?"

ಅದು ನಾಟಕದ ಮಾತು. ಇದಕ್ಕೆ ನಗಬೇಕು, ಇಲ್ಲವೇ ಎದುರು ಉತ್ತರ ಕೊಟ್ಟು ಆಟ ಬೆಳೆಸಬೇಕು. ಎಲ್ಲರೂ ಮಾಡುವುದು ಅದನ್ನೇ. ನಾನು ಮಾತ್ರ "ಬಂದೆ ಅತ್ತೀ" ಎಂದು ಕೈತೊಳೆದು ಕೂತುಬಿಟ್ಟೆ. ಹಿಟ್ಟು ಮಿದ್ದೆ, ರೊಟ್ಟಿ ಬಡಿಯಲು ಶುರು ಮಾಡಿದೆ. ಕೈಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ದುಡ್ಡು ಕೊಟ್ಟು ರೊಟ್ಟಿ ಬಡಿಯುತ್ತಿದ್ದೇನಲ್ಲಾ ಎಂದು ತಲೆ ನಗುತ್ತಿತ್ತು, ಕೈ ಮಾತ್ರ ತನ್ನ ಪಾಡಿಗೆ ತಟ್ಟುತ್ತಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನ ಗಂಡ ಹೆಂಡಿರು ಬಂದರು. ಹೆಂಡತಿಗೆ ಹಿರಿ ಸೊಸೆಯ ಪಾತ್ರ. ನಗುಮುಖದ ಹೆಣ್ಣುಮಗಳು. ಒಲೆಯ ಮುಂದೆ ಕೂತು ಒಂದು ರೊಟ್ಟಿ ತಟ್ಟಿದಳು, ಅದು ಆಂಧ್ರದ ಗಡಿಯಂತೆ ಎಲ್ಲೆಲ್ಲಿಗೋ ಚಾಚಿಕೊಂಡಿತು. ಎಲ್ಲರೂ ನಕ್ಕರು. ಎರಡನೆಯದನ್ನು ಹಂಚಿನ ಮೇಲೆ ಹಾಕುವಾಗ ಬೆರಳು ತಾಗಿತು. "ಅಯ್ಯಪ್ಪಾ, ನನ್ನ ಕೈಲಾಗಲ್ಲ!" ಎಂದವಳೇ ಸೆರಗು ಕಿತ್ತು ಭುಜಕ್ಕೆ ಎಸೆದಳು. ಎಲ್ಲಿದ್ದನೋ, ಸಮವಸ್ತ್ರದ ಒಬ್ಬ ತಟ್ಟೆಯಲ್ಲಿ ನಿಂಬೆ ಪಾನಕ, ಮುಲಾಮು ಹಿಡಿದು ಪ್ರತ್ಯಕ್ಷನಾದ. ಅವಳು ಪಾನಕ ಕುಡಿಯುತ್ತ ಹಿಂದಿನ ಕೋಣೆಗೆ ನಡೆದಳು. ಅರ್ಧ ಗಂಟೆಯಾದ ಮೇಲೆ ಬೇಜಾರಾಗಿ, ಸೆರಗು ಹೊದ್ದು ಮತ್ತೆ ಸೊಸೆಯಾಗಿ ಬಂದಳು.

ಅವಳು ಹೋದಾಗ ನಾನೂ ಯೋಚಿಸಿದೆ. ಹೊಗೆಗೆ ಕಣ್ಣು ಉರಿಯುತ್ತಿತ್ತು, ಬೆನ್ನು ಹಿಡಿದಿತ್ತು, ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ಸೆರಗು ಇಳಿಸಿದರೆ ಸೋಫಾ. ಕೈ ಎತ್ತಿದೆ. ಸರಿಯಾಗಿ ಆಗಲೇ ಹೊರಗೆ ಗೌಡನ ವೇಷದವರು ಕೆಮ್ಮಿದರು.

ಪಾಪ, ಅವರಿಗೆ ನಿಜವಾಗಿ ಕೆಮ್ಮು ಬಂದಿತ್ತೋ, ಪಾತ್ರಕ್ಕಾಗಿ ಕೆಮ್ಮಿದರೋ ನನಗೆ ಗೊತ್ತಿಲ್ಲ. ಇಳಿಸಲೆಂದು ಎತ್ತಿದ ಕೈ ಸೆರಗನ್ನು ಹಣೆಯವರೆಗೆ ಎಳೆಯಿತು. ನಾನು ಎದ್ದು ನಿಂತಿದ್ದೆ. ಎದ್ದು ಬಾಗಿಲ ಮರೆಗೆ ಸರಿದು ಗೋಡೆಗೆ ಆನಿಕೊಂಡಿದ್ದೆ. ಅಡುಗೆಮನೆಯಲ್ಲಿ ಬೇರೆ ಯಾರೂ ಎದ್ದಿರಲಿಲ್ಲ. ಗೌಡಸಾನಿ ತನ್ನ ಮಾತು ಮರೆತು ನನ್ನನ್ನೇ ನೋಡಿದಳು. ಬಳ್ಳಾರಿಯಲ್ಲಿ ಅಷ್ಟು ವರ್ಷ ಬರಿದಲೆಯಲ್ಲಿ ಓಡಾಡಿದ್ದು, ಜೇಬಿನ ಕಂಟ್ರಾಕ್ಟರನ ಜೊತೆ ಎದುರಾಬದುರು ನಿಂತು ಜಗಳವಾಡಿದ್ದು ಎಲ್ಲ ಒಂದು ಕೆಮ್ಮಿಗೆ ಹಾರಿಹೋಗಿತ್ತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಬೀಗವಿಲ್ಲದ ಬಾಗಿಲಿನ ಮನೆಯಲ್ಲಿ ನಾನು ಸಿಕ್ಕಿಹಾಕಿಕೊಂಡಿದ್ದೆ.

ಊಟಕ್ಕೆ ಗಂಡಸರು ಮೊದಲು ಕೂತರು. ಪದ್ಧತಿ ಪದ್ಧತಿಯೇ, ಹೋಟೆಲ್ಲಿನವರು ಅದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಬಾಗಿಲ ಸಂದಿಯಿಂದ ನಮ್ಮವರು ಕಾಣುತ್ತಿದ್ದರು. ರುಮಾಲು ಸುತ್ತಿಕೊಂಡು, ಚಕ್ಕಳಮಕ್ಕಳ ಹಾಕಿ, ಮದುವೆ ಗಂಡಿನಂತೆ ಬೀಗುತ್ತಿದ್ದರು. ಬಡಿಸಿದವರು ಮುಂದಿಟ್ಟ ರೊಟ್ಟಿಯನ್ನು ಮುರಿದು ಒಂದು ತುತ್ತು ಬಾಯಿಗೆ ಹಾಕಿದವರೇ, "ಇದು ನಮ್ಮ ಮನ್ಯಾಕಿ ಕೈದು!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅಷ್ಟು ರೊಟ್ಟಿಗಳ ನಡುವೆ ನನ್ನ ರೊಟ್ಟಿಯ ಗುರುತು ಹಿಡಿದರಲ್ಲಾ ಎಂದು ಒಂದು ಗಳಿಗೆ ಮನಸ್ಸು ತುಂಬಿ ಬಂತು. ಮರುಗಳಿಗೆ ಮೈಯೆಲ್ಲ ಉರಿಯಿತು. ರೊಟ್ಟಿಯ ಗುರುತು ಹಿಡಿಯುವ ಮನುಷ್ಯನಿಗೆ ರೊಟ್ಟಿ ಬಡಿಯುವವಳ ಮುಖ ನೋಡಿದರೆ ಏನೂ ತಿಳಿಯುವುದಿಲ್ಲವೇ?

ಆ ದಿನ ಹಾಗೇ ಕಳೆಯಿತು. ಮಲಗುವ ಕೋಣೆಗೆ ಬಂದಾಗ ನಮ್ಮವರು, "ಹೆಂಗನಸ್ತೈತಿ?" ಎಂದರು. "ನಿದ್ದಿ ಬರಾಕತ್ತೈತಿ" ಎಂದೆ. ಅವರು ಎ.ಸಿ. ಹಾಕಿ, ನನ್ನ ಕಾಲಿಗೂ ಹೊದಿಕೆ ಎಳೆದು ಮಲಗಿದರು. ಕೆಟ್ಟವರಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು.

ಬೆಳಕು ಹರಿಯುವ ಹೊತ್ತಿಗೆ ಎಚ್ಚರವಾದಾಗ ನಾನು ಮುಖ ತೊಳೆದು, ಸೆರಗು ಹೊದ್ದು, ಅಂಗಳಕ್ಕೆ ಬಂದು ಕಸಬರಿಗೆ ಹಿಡಿದು ನಿಂತಿದ್ದೆ. ಕಸಬರಿಗೆ ಎಲ್ಲಿತ್ತು, ಹೇಗೆ ಹುಡುಕಿದೆ, ಈಗಲೂ ನೆನಪಾಗುವುದಿಲ್ಲ. ಗುಡಿಸುತ್ತ ಗುಡಿಸುತ್ತ ದಿಡ್ಡಿ ಬಾಗಿಲವರೆಗೆ ಬಂದೆ. ಬಗ್ಗಿ ನೋಡಿದರೆ ಬಂಡೆಗಳ ಆಚೆ ರಸ್ತೆ, ರಸ್ತೆಯ ಮೇಲೆ ಬಳ್ಳಾರಿ ಕಡೆ ಹೋಗುವ ಮೊದಲ ಬಸ್ಸು ಧೂಳೆಬ್ಬಿಸುತ್ತ ಹೋಗುತ್ತಿತ್ತು. ಕೈ ಮಾಡಿದರೆ ನಿಲ್ಲುತ್ತಿತ್ತು. ನಾನು ಹೊಸ್ತಿಲು ಗುಡಿಸಿದೆ.

"ಅಯ್ಯೋ ಅಕ್ಕಾ! ಮೀರು ಗೆಸ್ಟು ಗದಾ!"

ತಿರುಗಿ ನೋಡಿದರೆ ನೈಟಿ ತೊಟ್ಟ ಹೆಂಗಸು, ಕೈಯಲ್ಲಿ ಚಹಾದ ಲೋಟ. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗೌಡಸಾನಿ! ನರೆಗೂದಲು ಇರಲಿಲ್ಲ, ಕುಂಕುಮ ಇರಲಿಲ್ಲ. ನನಗಿಂತ ಚಿಕ್ಕವಳು. ಬಳ್ಳಾರಿಯ ನಾಟಕದ ಮನೆತನದವಳಂತೆ, ಮನೆಮಾತು ತೆಲುಗು.

"ನೀವು ಗೆಸ್ಟು, ನಿಮ್ಮ ಕೈಯಾಗ ಕಸಬರಿಗಿ ಯಾಕಕ್ಕಾ? ನನ್ನ ಡ್ಯೂಟಿ ಇನ್ನೂ ಶುರು ಆಗಿಲ್ಲ. ಅಲ್ಲೀತನ ನಾನೂ ಅತ್ತಿ ಅಲ್ಲ, ನೀವೂ ಸೊಸಿ ಅಲ್ಲ. ಆ ಸೆರಗು ಇಳಸ್ರಿ ಮೊದಲು, ಇಲ್ಲಿ ಯಾರದಾರ?"

"ಕೈ ಬರವಲ್ದು," ಎಂದೆ. ಹಾಗೆ ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಹೇಳಿದ ಮೇಲೆ ಅಳು ಬಂತು.

ಅವಳು ಕಕ್ಕಾಬಿಕ್ಕಿಯಾದಳು. ಕಸಬರಿಗೆ ಕಸಿದು ಗೋಡೆಗೆ ಆನಿಸಿ, ತನ್ನ ಚಹಾವನ್ನೇ ನನ್ನ ಕೈಗಿತ್ತಳು. "ನಿನ್ನೆ ನೀವು ಎದ್ದು ಬಾಗಲ ಹಿಂದ ಹೋದ್ರಲ್ಲ, ಆವಾಗ ನನಗ ಮಾತೇ ಬರ್ಲಿಲ್ಲಕ್ಕಾ. ನಾನು ದಿನಾ ಇದನ್ನ ಹಾಕ್ತೀನಿ, ದಿನಾ ತಗೀತೀನಿ. ನನಗ ಮೇಕಪ್ಪು ಇದು." ಇಬ್ಬರೂ ಕಟ್ಟೆಯ ಮೇಲೆ ಕೂತು ಒಂದೇ ಲೋಟದ ಚಹಾ ಮುಗಿಸಿದೆವು. ಅವಳು ವೇಷ ಹಾಕಿಕೊಳ್ಳಲು ಹೋದಳು. ಅವಳು ಹಾಕಿಕೊಂಡು ಬರುವ ಹೊತ್ತಿಗೆ ನಾನು ಮತ್ತೆ ಒಲೆಯ ಮುಂದಿದ್ದೆ. ಆ ದಿನ ಅವಳು ನನ್ನನ್ನು ಒಂದು ಸಲವೂ ಗದರಲಿಲ್ಲ. ಅದರಿಂದ ನನಗೇನೂ ಹಗುರವಾಗಲಿಲ್ಲ.

ಮಧ್ಯಾಹ್ನ ಹೊರಡುವ ಹೊತ್ತು. ನಮ್ಮವರು ಮೊಬೈಲು ತರಲು ಹೋಗಿದ್ದರು, ನಾನು ದೊಡ್ಡ ಬಾಗಿಲ ಹತ್ತಿರ ಅದೇ ಇಳಕಲ್ ಸೀರೆಯಲ್ಲಿ ನಿಂತಿದ್ದೆ. ಸೀರೆ ನಮಗೇ, ಅದು ದುಡ್ಡಿನಲ್ಲಿ ಸೇರಿತ್ತು. ಬೆಂಗಳೂರಿನ ಹೆಣ್ಣುಮಗಳು ಜೀನ್ಸ್ ತೊಟ್ಟು ಬಂದಳು. ಅದರ ಜೇಬಿನ ಹೊಲಿಗೆಯ ಮೇಲೆ ನನ್ನ ಕಣ್ಣು ಹೋಯಿತು. ಅವಳು ನನ್ನ ಎರಡೂ ಕೈ ಹಿಡಿದುಕೊಂಡು, "ಇಲ್ಲಿರೋರಲ್ಲೆಲ್ಲಾ ನೀವೇ ತುಂಬಾ ಚೆನ್ನಾಗಿ ಮಾಡ್ತೀರಿ. ಬೇರೆಯವ್ರದ್ದು ನಾಟಕ ಅಂತ ಗೊತ್ತಾಗುತ್ತೆ, ನಿಮ್ಮದು ಗೊತ್ತೇ ಆಗಲ್ಲ. ಎಷ್ಟು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದೀರ?" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ನೋಟನ್ನು ಮಡಿಸಿ ನನ್ನ ಮುಷ್ಟಿಯೊಳಗೆ ತುರುಕಿ, ಕೈ ಬೀಸಿ ಹೋಗಿಬಿಟ್ಟಳು.

ಅವಳು ಬಂದಾಗ ನಾನಾಗಲೇ ಒಲೆಯ ಮುಂದೆ ಕೂತಿದ್ದೆ. ನಾನೂ ದುಡ್ಡು ಕೊಟ್ಟು ಬಂದವಳೆಂದು ಅವಳಿಗೆ ತಿಳಿಯುವುದಾದರೂ ಹೇಗೆ? ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನೋಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ದೂರದಿಂದಲೇ ಎಲ್ಲ ಕೇಳಿಸಿಕೊಂಡಿದ್ದ ನಮ್ಮವರು ಹೊಟ್ಟೆ ಹಿಡಿದುಕೊಂಡು ನಗುತ್ತ ಬಂದರು.

"ಆಹಾ, ಇನಾಮು ಹೊಡಕೊಂಡಿ! ಅಲ್ಲ, ನಿನ್ನ ನಾಟಕದಾಕಿ ಅಂತ ತಿಳದ್ರಲ್ಲ!"

ಕಾರು ಸಿರುಗುಪ್ಪದ ಕಡೆ ತಿರುಗಿತು. ಎರಡೂ ಕಡೆ ಭತ್ತದ ಗದ್ದೆಗಳು ಶುರುವಾದವು. ಅವರು ಸೀಟಿ ಹಾಕುತ್ತಿದ್ದರು. ತೆಕ್ಕಲಕೋಟೆ ಬಂತು, ನನ್ನ ತವರೂರು, ನಿಲ್ಲಿಸಿ ಎನ್ನಲಿಲ್ಲ. ಊರು ದಾಟಿದ ಮೇಲೆ ಕೇಳಿದರು, "ಅವ್ವಗ ಏನಂತ ಹೇಳೋಣು?"

"ಅಲ್ಲಿ ಹೋಗಿ ಹೇಳಿದ್ರಾತು."

ಅವರು ಖುಷಿಯಾಗಿ ಸ್ಪೀಡು ಹೆಚ್ಚಿಸಿದರು. ಇಲ್ಲ ಎನ್ನುವವಳು ಕಾರಿನಲ್ಲೇ ಹೇಳುತ್ತಿದ್ದಳು ಎಂದುಕೊಂಡಿರಬೇಕು. ನನಗಾದರೋ ಹೇಳುತ್ತೇನೆಂಬ ಧೈರ್ಯವೇ ಇರಲಿಲ್ಲ. ಕಿಟಕಿಯ ಗಾಜು ಏರಿಸಿತ್ತು, ಎ.ಸಿ. ಓಡುತ್ತಿತ್ತು, ಕುತ್ತಿಗೆಯ ಮೇಲೆ ಬೆವರು ಹಾಗೇ ಇತ್ತು. ಸಿರುಗುಪ್ಪದ ಅಕ್ಕಿ ಗಿರಣಿಗಳು ಕಾಣಿಸಿಕೊಂಡವು. ವಾಡೆಯ ಮುಂದೆ ಕಾರು ನಿಲ್ಲುವ ಮುಂಚೆಯೇ ನನ್ನ ಕೈ ಸೆರಗನ್ನು ತಲೆಯ ಮೇಲೆ ಎಳೆದು ಆಗಿತ್ತು.

ಅತ್ತೆ ಪಡಸಾಲೆಯ ಮಂಚದ ಮೇಲೆ ಕೂತಿದ್ದರು. ವಯಸ್ಸಾಗಿದೆ, ಕಿವಿ, ಕಣ್ಣು ಎರಡೂ ಚುರುಕು. ಭಾವ ಗದ್ದೆಗೆ ಹೋಗಿದ್ದರು. ನೆಗೆಣ್ಣಿ ಎರಡು ಕಪ್ಪು ಚಹಾ ತಂದಳು, ಒಂದು ಅತ್ತೆಗೆ, ಒಂದು ನಮ್ಮವರಿಗೆ. ಸೊಸೆಯಂದಿರದು ಒಳಗೆ, ಆಮೇಲೆ. ನಾನು ಕಂಬದ ಪಕ್ಕ ನಿಂತೆ. ನಮ್ಮವರು ಹೋಟೆಲ್ಲಿನ ಕತೆ ಶುರು ಮಾಡಿದರು. ಗೌಡ, ಗೌಡಸಾನಿ, ರುಮಾಲು, ಸೆರಗು ಇಳಿಸಿದರೆ ಆಟ ಮುಗಿಯುವುದು, ಪಾನಕದವನು ಓಡಿ ಬರುವುದು, ಎಲ್ಲವನ್ನೂ ಅಭಿನಯಿಸಿ ತೋರಿಸಿದರು. ರೇಟು ಕೇಳಿ ಅತ್ತೆ ಎದೆ ಮುಟ್ಟಿಕೊಂಡರು.

"ಅಷ್ಟು ರೊಕ್ಕ ಕೊಟ್ಟು ರೊಟ್ಟಿ ಬಡಿಯಾಕ ಹೋಗಿದ್ದೇನವಾ? ಇಲ್ಲಿ ಹಿಟ್ಟಿಗಿ ಬರಾನ?"

"ಕೇಳಬೇ ಇನ್ನ," ಎಂದು ನಮ್ಮವರು ನಗುತ್ತ ಮುಂದುವರಿಸಿದರು. "ಇಕೀ ಆ ಸೆರಗು ಇಳಸಲೇ ಇಲ್ಲ. ಎರಡೂ ದಿನ! ಅಲ್ಲಿ ಕೆಲಸ ಮಾಡಾಕಿ ಅಂತ ತಿಳದು ಒಬ್ಬಾಕಿ ಇನಾಮು ಕೊಟ್ಟು ಹೋದ್ಲು."

ಅತ್ತೆ ನಕ್ಕರು. ನೆಗೆಣ್ಣಿ ನಗಲಿಲ್ಲ. ಖಾಲಿ ಕಪ್ಪು ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ನಿಂತು ನನ್ನ ಕಡೆ ನೋಡಿದಳು. ಇಷ್ಟು ವರ್ಷದಲ್ಲಿ ನಾವಿಬ್ಬರೂ ಯಾವತ್ತೂ ಈ ಸೆರಗಿನ ಮಾತು ಆಡಿದವರಲ್ಲ. ಅವಳ ತಲೆಯ ಮೇಲಿನ ಸೆರಗಿನ ಅಂಚು ಹೊಗೆಗೆ ಕಂದಿ ಹೋಗಿತ್ತು. ಸೊಂಟದಲ್ಲಿ ಮಡಿಸಿಟ್ಟ ಆ ನೋಟು ನನಗೆ ಚುಚ್ಚುತ್ತಿತ್ತು.

ಹೊಸ್ತಿಲಾಚೆ ಭಾವ ಕೆಮ್ಮಿದರು.

ನನ್ನ ಕೈ ಎದ್ದಿತು. ಸೆರಗಿನ ಅಂಚು ಹಿಡಿಯಿತು. ಹಣೆಯವರೆಗೆ ಎಳೆಯಬೇಕು, ಮರೆಗೆ ಸರಿಯಬೇಕು. ಹಾಗೇ ಹಿಡಿದುಕೊಂಡು ನಿಂತೆ. ಈಗ ಎಳೆದರೆ ನಾಳೆ ಮಿಷನ್ನಿನ ಗಿರಾಕಿಗೆ ಫೋನು ಹೋಗುತ್ತದೆ, ಆಮೇಲೆ ಈ ಕೆಮ್ಮು ನಾನು ಸಾಯುವವರೆಗೆ ಎಂದು ತಿಳಿದಿತ್ತು. ಕೈಯನ್ನು ಕೆಳಗೆ ತಂದೆ. ಸೆರಗು ಜಾರಿ ಭುಜದ ಮೇಲೆ ಬಿತ್ತು. ಫ್ಯಾನಿನ ಗಾಳಿ ಕುತ್ತಿಗೆಗೆ ತಾಗಿತು. ಪಾನಕ ಹಿಡಿದು ಯಾರೂ ಓಡಿ ಬರಲಿಲ್ಲ.

"ಅತ್ತೀ," ಎಂದೆ. ದನಿ ಗಟ್ಟಿಯಾಗಿಯೇ ಬಂತು, ಮಹಡಿಯ ಕೋಣೆಯ ದನಿ. "ನಾ ಇಲ್ಲಿ ಇರಾಕ ಬರಂಗಿಲ್ಲ. ಹಬ್ಬಕ್ಕ ಬರ್ತೀನಿ. ನಿಮಗ ಆರಾಮಿಲ್ಲ ಅಂದ್ರ ಅವತ್ತೇ ಓಡಿ ಬರ್ತೀನಿ. ಇರಾಕ ಮಾತ್ರ ಬರಂಗಿಲ್ಲ. ಬಳ್ಳಾರ್ಯಾಗ ನನ್ನ ಮಿಷನ್ ಅದಾವು. ಅವನ್ನ ಮಾರಂಗಿಲ್ಲ."

ನಮ್ಮವರ ನಗು ಮುಖದ ಮೇಲೆ ಅರ್ಧಕ್ಕೇ ನಿಂತಿತು. ನನ್ನ ತಲೆಯನ್ನು ನೋಡಿದರು, ಭುಜವನ್ನು ನೋಡಿದರು. ಎರಡು ದಿನ ರುಮಾಲು ಸುತ್ತಿಕೊಂಡು ತಾವು ಏನನ್ನು ನೋಡಿ ನಕ್ಕಿದ್ದರು ಎಂಬುದು ಆಗ ಅವರಿಗೆ ಹೊಳೆದಿರಬೇಕು. "ಹೌದಬೇ," ಎಂದರು ಕೊನೆಗೆ, ಅತ್ತೆಯ ಕಡೆ ತಿರುಗಿ, ಸಣ್ಣ ದನಿಯಲ್ಲಿ. "ಆಕೀದು ಅಲ್ಲಿ ಕೆಲಸ ಐತಿ."

ಹೊರಗೆ ಭಾವ ಇನ್ನೊಂದು ಸಲ ಕೆಮ್ಮಿದರು, ಮೊದಲಿಗಿಂತ ಜೋರಾಗಿ. ನೆಗೆಣ್ಣಿಯೂ ನಿಂತಲ್ಲಿಂದ ಕದಲಿರಲಿಲ್ಲ. ಒಳಗೆ ಹೆಂಗಸರು ಎದ್ದು ಹೋಗುವ ಸದ್ದು ಅವರಿಗೆ ಕೇಳಿಸಿರಲಿಲ್ಲ. ಅದು ಕೇಳದೆ ಅವರು ಒಳಗೆ ಬರುವಂತಿಲ್ಲ. ಮನೆಯ ದೊಡ್ಡ ಗಂಡಸು, ತಮ್ಮ ಮನೆಯ ಹೊಸ್ತಿಲಾಚೆ, ಬಿಸಿಲಿನಲ್ಲಿ ನಿಂತಿದ್ದರು. ಅವರೂ ಪಾಪವೇ ಎಂದು ನನಗೆ ಅನಿಸಿದ್ದು ಅದೇ ಮೊದಲು.

ಅತ್ತೆ ನನ್ನನ್ನು ನೋಡುತ್ತಲೇ ಇದ್ದರು. ಬೈಗುಳ ಬರುತ್ತದೆಂದು ಕಾದೆ. ಅವರು ಬಾಗಿಲ ಕಡೆ ಕತ್ತು ತಿರುಗಿಸಿದರು.

"ಏ, ಕೆಮ್ಮೋದು ಸಾಕು ಮಾಡಿ ಒಳಗ ಬಾರೋ. ಬಿಸಲಾಗ ನಿಂತು ಎಷ್ಟಂತ ಕೆಮ್ಮತಿ?"

ಭಾವ ಒಳಗೆ ಬಂದರು. ನನ್ನನ್ನು ನೋಡಿದರು, ಕೂಡಲೇ ನೆಲ ನೋಡಿದರು, ಚಪ್ಪಲಿ ಬಿಡುವುದನ್ನು ಮರೆತು ಬಂದಿದ್ದಕ್ಕೆ ಹೊರಗೆ ಹೋಗಿ ಬಿಟ್ಟು ಮತ್ತೆ ಬಂದು ಕೂತರು.

"ಮೊದಲ ಹೇಳಬಾರದೇನವಾ?" ಎಂದರು ಅತ್ತೆ ನನಗೆ. "ಸುಮ್ನ ಕ್ವಾಣಿಗಿ ಸುಣ್ಣ ಹಚ್ಚಿಸಿದ್ವಿ." ಆಮೇಲೆ ಮಗನ ಕಡೆ ತಿರುಗಿ, "ಅಲ್ಲಿ ಎಷ್ಟು ತಗೊಂಡ್ರು ಅಂದ್ಯೋ?" ಎಂದು ಕೇಳಿದರು. ನಮ್ಮವರು ಮತ್ತೊಮ್ಮೆ ಹೇಳಿದರು.

"ತುಟ್ಟಿ ಆತು," ಎಂದರು ಅತ್ತೆ. "ಸೆರಗು ಇಲ್ಲೇ ಇಳಿಸಿದ್ರ ಪುಕ್ಕಟ ಆಗ್ತಿತ್ತು."

ಅಲ್ಲಿಗೆ ಹೋಗದೆ ಆಗುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನೆಗೆಣ್ಣಿ ಒಳಗೆ ಹೋಗಿ ಇನ್ನೊಂದು ಸುತ್ತು ಚಹಾ ತಂದಳು. ಈ ಸಲ ತಟ್ಟೆಯಲ್ಲಿ ನನಗೂ ಒಂದು ಕಪ್ಪು ಇತ್ತು. ನಾನು ಮಂಚದ ತುದಿಯಲ್ಲಿ ಕೂತು ಕುಡಿದೆ.